ಮನೆಯಳಿಯನೂ ಹೊಗೆಸೊಪ್ಪಿನ ಸಸಿಯೂ

ಹಿತ್ತಿಲಲ್ಲಿ ನಮ್ಮ ಮನೆಯಾಕೆ ಹಾಕಿರುವ ಬದನೆ ಗಿಡಗಳು ಮಧ್ಯಾಹ್ನವಾಗುತ್ತಲೇ ಎಲೆ ಜೋಲುಬಿಟ್ಟು ನಿಲ್ಲುತ್ತವೆ. ನಾನು ಊಟ ಮುಗಿಸಿ ಕೈತೊಳೆಯಲು ಹೋಗುವುದೂ ಆಗಲೇ. ಕೈತೊಳೆದ ಮೇಲೆ ಚೊಂಬಿನಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ. ಎದುರಿಗೆ ಬಾಡಿದ ಗಿಡ, ಕೈಯಲ್ಲಿ ನೀರು. ಮನುಷ್ಯ ಅನ್ನಿಸಿಕೊಂಡವನು ಏನು ಮಾಡಬೇಕು, ನೀವೇ ಹೇಳಿ. ನಾನು ಬಗ್ಗುತ್ತೇನೆ. ಅಷ್ಟರಲ್ಲಿ ಒಳಗಿನಿಂದ ರತ್ನಳ ದನಿ ಬರುತ್ತದೆ.

"ರೀ, ಬುಡಿ ಅದ್ನ. ಒತ್ತಿಳೀಲಿ, ಆಮೇಲ್ ನೋಡುವ."

ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಾಳೆ. ನಾನು ಬಗ್ಗಿದ್ದು ಅವಳಿಗೆ ಹೇಗೆ ಕಾಣುತ್ತದೋ ನನಗೆ ಇಂದಿಗೂ ತಿಳಿದಿಲ್ಲ. ಸರಿ, ಬಿಡುತ್ತೇನೆ. ಹೊತ್ತಿಳಿದ ಮೇಲೆ ನೋಡಿದರೆ ಬದನೆ ಗಿಡ ಏನೂ ಆಗಿಯೇ ಇಲ್ಲವೆಂಬಂತೆ ನೆಟ್ಟಗೆ ನಿಂತಿರುತ್ತದೆ. ಹಾಗಾದರೆ ಮಧ್ಯಾಹ್ನ ಅದು ಮಾಡಿದ್ದೇನು? ನಾಟಕವೇ? ಒಮ್ಮೆ ಹೀಗೇ ಒಂದು ಗಿಡ ಸಂಜೆಗೂ ಜೋತೇ ಇತ್ತು. ಈಗ ನಾನು ಗೆದ್ದೆ ಎಂದುಕೊಂಡು ಚೊಂಬು ಹಿಡಿದು ಓಡಿದೆ. ರತ್ನ ಬಂದು ಗಿಡವನ್ನು ಒಮ್ಮೆ ಅಲ್ಲಾಡಿಸಿ, "ಬೇರಿಗೆ ಗೆದ್ಲು ಇಡ್ದೈತೆ. ನೀರು ಯಾಕೆ ಇದ್ಕೆ?" ಎಂದಳು. ಚೊಂಬಿನ ನೀರನ್ನು ನಾನೇ ಕುಡಿದು ಒಳಗೆ ಬಂದೆ.

ಬಾಡಿದ ಗಿಡಕ್ಕೆ ನೀರು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂಬ ಈ ಒಂದು ಪ್ರಶ್ನೆ ನನ್ನ ಜೀವನವನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ. ಇದೇನು ಅಂಥ ದೊಡ್ಡ ವಿಷಯ ಎನ್ನಬೇಡಿ. ಇದರಿಂದಾಗಿ ನಾನು ಈ ಊರನ್ನೇ ಬಿಟ್ಟುಹೋಗುವುದರಲ್ಲಿದ್ದೆ.

ನಾನು ಹುಟ್ಟಿ ಬೆಳೆದದ್ದು ಸಾಲಿಗ್ರಾಮದ ಹತ್ತಿರ, ನಾಲೆ ಬಯಲಿನ ಒಂದು ಹಳ್ಳಿಯಲ್ಲಿ. ಅಲ್ಲಿ ಗದ್ದೆ ಬದುವಿನ ಮೇಲೆ ಚಪ್ಪಲಿ ಹಾಕಿ ನಡೆದರೆ ಚಪ್ಪಲಿಯೊಂದೇ ಹಿಂದೆ ಉಳಿಯುತ್ತಿತ್ತು. ಏಡಿಕಾಯಿ ಹಿಡಿಯುವುದು, ಕೆಸರಲ್ಲಿ ಬೀಳುವುದು, ಬಿದ್ದದ್ದಕ್ಕೆ ಅವ್ವನಿಂದ ಹೊಡೆತ ತಿನ್ನುವುದು, ಮತ್ತೆ ನಾಲೆಗೆ ಹಾರಿ ಕೆಸರು ತೊಳೆದುಕೊಳ್ಳುವುದು, ಇದೇ ನಮ್ಮ ಬಾಲ್ಯ. ನಮ್ಮಲ್ಲಿ ಪೈರು ಸ್ವಲ್ಪ ಸಪ್ಪಗೆ ಕಂಡರೆ ತೂಬು ಎತ್ತುತ್ತಿದ್ದರು. ಇನ್ನೂ ಸಪ್ಪಗೆ ಕಂಡರೆ ಒಂದು ಹಿಡಿ ಯೂರಿಯಾ ಎರಚುತ್ತಿದ್ದರು. ವ್ಯವಸಾಯ ಎಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ, ಇಷ್ಟೇ ವಿದ್ಯೆಯನ್ನು ತಲೆಯಲ್ಲಿಟ್ಟುಕೊಂಡು, ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಒಂದು ಒಣಬೇಸಾಯದ ಊರಿಗೆ ಮನೆಯಳಿಯನಾಗಿ ಬಂದೆ.

ಮನೆಯಳಿಯ ಎಂದ ಕೂಡಲೇ ನಿಮಗೆ ನಗು ಬಂತು. ನಗಿ, ಪರವಾಗಿಲ್ಲ, ನನ್ನ ಮದುವೆಯಲ್ಲಿ ವಾಲಗದವನೂ ನಕ್ಕಿದ್ದ. ನಮ್ಮ ಮನೆಯಲ್ಲಿ ಗಂಡುಮಕ್ಕಳು ಹೆಚ್ಚು, ಗದ್ದೆ ಕಡಿಮೆ. ರತ್ನ ಒಬ್ಬಳೇ ಮಗಳು, ಅವಳ ಅಪ್ಪನಿಗೆ ಹೊಲ ಉಳಲು ಒಂದು ಗಂಡುಜೀವ ಬೇಕಿತ್ತು. ಎಲ್ಲರಿಗೂ ಸರಿಹೋಯಿತು. ಹೊರಡುವ ದಿನ ನಮ್ಮಣ್ಣ ಮಾತ್ರ ಮುಖ ಗಂಟಿಕ್ಕಿಕೊಂಡು ಬಸ್‌ಸ್ಟ್ಯಾಂಡಿನ ತನಕ ಬಂದ. "ಇನ್ನೊಬ್ರ ಮನೆ ಕಣ್ಲಾ ಅದು. ಒಂದು ಮಾತು ಅಂದ್ರೂ ಇರ್ಬ್ಯಾಡ. ಎದ್ದು ಬಂದ್ಬುಡು, ನಾನಿವ್ನಿ" ಎಂದ.

ತೊಂದರೆ ಎಂದರೆ, ಅವರು ನನಗೆ ಒಂದೇ ಒಂದು ಮಾತನ್ನೂ ಅನ್ನಲಿಲ್ಲ.

ಅಳಿಯನನ್ನು ಗದರಬಾರದು, ಅಳಿಯನಿಗೆ ಕೆಲಸ ಹೇಳಬಾರದು, ಅಳಿಯ ತಪ್ಪು ಮಾಡಿದರೆ ಅದು ಕಾಣಿಸಲೇಬಾರದು, ಇದು ಆ ಕಡೆಯ ಮರ್ಯಾದೆ. ಎರಡು ದಿನಕ್ಕೆ ಬಂದು ಹೋಗುವ ಅಳಿಯನಿಗೆ ಇದೆಲ್ಲ ಚಂದ. ವರ್ಷವಿಡೀ ಅಲ್ಲೇ ಇರುವ ಅಳಿಯನ ಗತಿ ಯಾರಿಗೂ ಹೊಳೆದಂತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಂಡೆಯಲ್ಲಿ ಬಿಸಿನೀರು. ಉಣ್ಣಲು ಕೂತರೆ ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ. ನಮ್ಮತ್ತೆ ನನ್ನೆದುರು ನಿಲ್ಲುತ್ತಿರಲಿಲ್ಲ. ಬಾಗಿಲ ಮರೆಯಿಂದಲೇ, ಮಗಳಿಗೆ ಹೇಳಿದ ಹಾಗೆ, "ಇನ್ನೊಂದ್ ಮುದ್ದೆ ಆಕು, ಸಂಕೋಚ ಪಟ್ಕತಾವ್ರೆ" ಎನ್ನುತ್ತಿದ್ದರು. ನಾನು ಸಂಕೋಚಪಟ್ಟದ್ದು ಮುದ್ದೆ ಬೇಕೆಂದಲ್ಲ, ಸಾಕಾಗಿತ್ತು ಎಂದು. ಆದರೆ ಬಾಗಿಲಿಗೆ ಉತ್ತರ ಹೇಳುವುದು ಹೇಗೆ?

ನಮ್ಮ ಮಾವನದು ಇನ್ನೊಂದು ರೀತಿ. ನನಗೆ ಏನಾದರೂ ಹೇಳಲೇಬೇಕಾದರೆ ಅವರು ಅದನ್ನು ಎತ್ತಿಗೆ ಹೇಳುತ್ತಿದ್ದರು. ನಾನು ಕೊಟ್ಟಿಗೆ ಬಾಗಿಲು ಹಾಕುವುದನ್ನು ಮರೆತರೆ, ಎಡಗಡೆಯ ಎತ್ತಿನ ಬೆನ್ನು ಸವರುತ್ತ, "ಬಾಗ್ಲು ತೆಗ್ದಿದ್ರೆ ನಾಯಿ ಬತ್ತದೆ ಕಣೋ ಕರಿಯಾ" ಎನ್ನುತ್ತಿದ್ದರು. ಕರಿಯ ತಲೆಯಾಡಿಸುತ್ತಿತ್ತು. ನಾನು, ಪಾಪ, ಈ ಮನುಷ್ಯನಿಗೆ ಎತ್ತಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಸುಮ್ಮನಿರುತ್ತಿದ್ದೆ. ಆ ಮಾತುಗಳು ನನಗೆ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಎತ್ತಿಗೆ ಮೊದಲೇ ತಿಳಿದಿರಬೇಕು.

ಹೀಗಾಗಿ ನಾನು ಆ ಮನೆಯವನೋ, ಮನೆಗೆ ಬಂದ ನೆಂಟನೋ ನನಗೇ ಗೊತ್ತಿರಲಿಲ್ಲ. ನೆಂಟ ಅಂದಮೇಲೆ ಹೊರಡಲೇಬೇಕಲ್ಲ. ನಾನು ಹೊರಡುವುದು ಯಾವಾಗ? ಈ ಪ್ರಶ್ನೆ ದಿನಾ ಬರುತ್ತಿತ್ತು. ರತ್ನಳಿಗೂ ಅದೇ ಭಯ. ನಾನು ಸುಮ್ಮನೆ ಬಸ್ ಬರುವ ದಾರಿ ನೋಡುತ್ತ ಕೂತರೂ ಅವಳ ಮುಖ ಚಿಕ್ಕದಾಗುತ್ತಿತ್ತು.

ಮೊದಲ ಮಳೆಗಾಲ. ರಾಗಿ ಎರಚಿದ್ದ ಹೊಲ ಹದವಾಗಿ ಹುಟ್ಟಿ, ಗೇಣುದ್ದ ಬಂದು, ನೋಡಲು ಕಣ್ಣಿಗೆ ತಂಪಾಗಿತ್ತು. ಒಂದು ಬೆಳಿಗ್ಗೆ ಮಾವ ಎತ್ತು ಹೂಡಿಕೊಂಡು ಆ ಹೊಲಕ್ಕೆ ಇಳಿದರು. ಹಿಂದೆ ಹಲುಬೆ, ಅಂದರೆ ಉದ್ದನೆಯ ಮರಕ್ಕೆ ಸಾಲಾಗಿ ಹಲ್ಲು ಬಡಿದ ಸಾಧನ. ಅದನ್ನು ಎಳೆಯ ರಾಗಿಯ ಮೇಲೆಯೇ ಎಳೆಯತೊಡಗಿದರು. ಪೈರು ಕಿತ್ತುಬರುತ್ತಿದೆ, ಮಣ್ಣಲ್ಲಿ ಮುಚ್ಚಿಹೋಗುತ್ತಿದೆ, ಎತ್ತುಗಳು ತುಳಿಯುತ್ತಿವೆ. ಮಾವ ಬೀಡಿ ಸೇದುತ್ತ ಆರಾಮಾಗಿ ನಡೆಯುತ್ತಿದ್ದಾರೆ. ಇವರಿಗೆ ತಲೆ ಕೆಟ್ಟಿದೆ, ಮದುವೆಗೆ ಮೊದಲು ಇದನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದೇ ತೀರ್ಮಾನಿಸಿ ಮನೆಗೆ ಓಡಿದೆ.

"ನಿಮ್ಮಪ್ಪ ರಾಗಿ ಹಾಳು ಮಾಡ್ತಾವ್ರೆ ಕಣೇ!"

ರತ್ನ ನೆಲದ ಮೇಲೆ ಕೂತು ನಕ್ಕಳು. ಬಾಗಿಲ ಮರೆಯಲ್ಲೂ ಯಾರೋ ನಕ್ಕ ಸದ್ದಾಯಿತು. "ಅಲುಬೆ ಒಡೀದಿದ್ರೆ ಎಂಗ್ರೀ? ಒಂದ್ಕಿತ ನೊಂದ್ರೇನೇ ಅದು ತೆಂಡೆ ಒಡಿಯಾದು. ಇಲ್ದಿದ್ರೆ ಒಂದೇ ಕಡ್ಡಿ ಉದ್ದುಕ್ಕೆ ಓಗಿ ಬಿದ್ದೋಯ್ತದೆ" ಎಂದಳು.

ನಾನು ನಂಬಲಿಲ್ಲ. ದಿನಾ ಹೋಗಿ ನೋಡಿದೆ. ಒಂದೆರಡು ದಿನ ಹೊಲ ಹೊಡೆತ ತಿಂದವರಂತೆ ಮಲಗಿತ್ತು. ಆಮೇಲೆ ಬುಡದಿಂದ ಒಂದು, ಪಕ್ಕದಿಂದ ಇನ್ನೊಂದು, ಹೀಗೆ ಕವಲೊಡೆದು ಪೊದೆಪೊದೆಯಾಗಿ ಎದ್ದುಬಂತು. ಆ ವರ್ಷ ನಡುವೆ ಮಳೆ ಕೈಕೊಟ್ಟಾಗ ಇನ್ನೊಂದು ಆಟ ನೋಡಿದೆ. ಮಧ್ಯಾಹ್ನ ರಾಗಿ ಎಲೆಗಳೆಲ್ಲ ಬೀಡಿಯಂತೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಇರುವ ಪಸೆಯನ್ನು ಬಿಸಿಲಿಗೆ ಕೊಡದೆ ಕಾಪಾಡಿಕೊಳ್ಳುವ ಉಪಾಯವಂತೆ ಅದು. ಬೆಳಗಿನ ಜಾವಕ್ಕೆ ಮತ್ತೆ ಬಿಚ್ಚಿಕೊಂಡಿರುತ್ತಿದ್ದವು. ಮಾವ ಹೊಲ ನೋಡಲು ಬೆಳಿಗ್ಗೆ ಮಾತ್ರ ಹೋಗುತ್ತಿದ್ದರು. "ಮದ್ಯಾನ ನೋಡಿದ್ರೆ ಎಲ್ರೂ ಸತ್ತಂಗೇ ಕಾಣ್ತಾರೆ ಕಣೋ ಕರಿಯಾ" ಎಂದು ಒಮ್ಮೆ ಎತ್ತಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಚೆನ್ನಾಗಿದೆ ಮಾತು ಎನ್ನಿಸಿತು. ಮುಂದೆ ಅದನ್ನು ಮರೆತೆ.

ಮರೆತದ್ದು ಮರುವರ್ಷದ ಬೇಸಿಗೆಯಲ್ಲಿ. ನಮ್ಮ ಕಡೆ ಹೊಗೆಸೊಪ್ಪೇ ಮನೆ ನಡೆಸುವ ಬೆಳೆ. ಅದರ ಬೀಜ ನಶ್ಯದ ಪುಡಿಯಷ್ಟು ಸಣ್ಣದು, ಸೀನಿದರೆ ಒಂದು ಎಕರೆ ಹಾರಿಹೋಗುತ್ತದೆ. ಅದನ್ನು ಮಡಿ ಮಾಡಿ ಚೆಲ್ಲಿ, ಹುಲ್ಲು ಮುಚ್ಚಿ, ಜಾಲರಿ ಮೂತಿಯ ಡಬ್ಬದಲ್ಲಿ ನೀರು ಚಿಮುಕಿಸಿ ಸಸಿ ಬೆಳೆಸುತ್ತಾರೆ. ಈ ಸಸಿಮಡಿಗೆ ಒಟ್ಲು ಎನ್ನುತ್ತಾರೆ. ಅತ್ತೆ, ರತ್ನ, ಮಾವ ಮೂವರೂ ಒಟ್ಲನ್ನು ಬಾಣಂತಿಯ ಕೋಣೆಯಂತೆ ನೋಡಿಕೊಂಡರು. ಆಮೇಲೆ, ಇನ್ನೇನು ಕಿತ್ತು ಹೊಲಕ್ಕೆ ನೆಡಬೇಕು ಎನ್ನುವಾಗ, ಇದ್ದಕ್ಕಿದ್ದಂತೆ ನೀರು ನಿಲ್ಲಿಸಿಬಿಟ್ಟರು. ಅದೇ ಸಮಯಕ್ಕೆ ಮಾವನಿಗೆ ಹೆಗ್ಗಡದೇವನಕೋಟೆ ಕಡೆ, ಬೀಚನಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಒಂದು ವಾರದ ಮಟ್ಟಿಗೆ ಹೋಗಬೇಕಾಗಿ ಬಂತು. ರತ್ನ ಮತ್ತು ಅತ್ತೆಯೂ ಜೊತೆಗೆ ಹೊರಟರು. ಮಾವ ಹೊರಡುವ ಮುನ್ನ ಕರಿಯನ ಹತ್ತಿರ ನಿಂತು, "ಒಟ್ಲಿಗೆ ನೀರು ಬ್ಯಾಡ ಕಣೋ, ಒಣುಗ್ಲಿ" ಎಂದರು. ಎತ್ತು ಒಟ್ಲಿಗೆ ನೀರು ಹಾಕುವುದುಂಟೇ? ನಾನು ನಕ್ಕು ಸುಮ್ಮನಾದೆ.

ಮಧ್ಯಾಹ್ನ ಒಟ್ಲಿನ ಕಡೆ ಹೋದರೆ ಸಸಿಗಳೆಲ್ಲ ಬಾಡಿ ನೆಲಕ್ಕೆ ಬಾಗಿದ್ದವು. ಮನೆಯವರೆಲ್ಲ ಗಡಿಬಿಡಿಯಲ್ಲಿ ನೀರು ಹಾಕುವುದನ್ನು ಮರೆತು ಹೋಗಿದ್ದಾರೆ, ಈ ಮನೆಗೆ ನಾನು ಉಪಯೋಗಕ್ಕೆ ಬರುವ ಕಾಲ ಕೊನೆಗೂ ಬಂತು ಎಂದು ನನಗೆ ಹುರುಪು ಬಂತು. ಬಾವಿಯಿಂದ ಸೇದಿ ಸೇದಿ ಹೊಯ್ದೆ. ಬೆಳಿಗ್ಗೆ ಹೊಯ್ದೆ, ಸಂಜೆ ಹೊಯ್ದೆ. ಸಾಲದು ಎಂದು ನಮ್ಮೂರಿನ ವಿದ್ಯೆಯನ್ನೂ ಪ್ರಯೋಗಿಸಿ ಯೂರಿಯಾ ಎರಚಿದೆ. ಅವರು ಬರುವ ಹೊತ್ತಿಗೆ ಒಟ್ಲು ಕಪ್ಪು ಹಸಿರಾಗಿ, ದಂಟು ಉದ್ದವಾಗಿ, ಎಲೆ ಅಗಲವಾಗಿ, ಮದುವೆ ಹೆಣ್ಣಿನಂತೆ ಕಂಗೊಳಿಸುತ್ತಿತ್ತು. ಮಾವ ನೋಡಿದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹಾಕಿಕೊಂಡರು.

"ಚೆನ್ನಾಗ್ ಬಂದವೆ ಅಳಿಯಂದ್ರೇ" ಎಂದರು. ಅಷ್ಟೇ.

ರತ್ನ ಏನೋ ಹೇಳಲು ಬಾಯಿ ತೆರೆದಳು. ಅವರು ಅವಳ ಕಡೆ ಒಮ್ಮೆ ನೋಡಿದರು, ಅವಳು ಬಾಯಿ ಮುಚ್ಚಿದಳು. ಮಳೆ ಬಂದಾಗ ಆ ಸಸಿಗಳನ್ನೇ ಕಿತ್ತು, ಅಳಿಯ ಬೆಳೆಸಿದ್ದೆಂಬ ಗೌರವಕ್ಕೆ, ರಸ್ತೆಪಕ್ಕದ ಒಳ್ಳೆಯ ಹೊಲದಲ್ಲಿ ನೆಟ್ಟರು. ಬುಡಬುಡಕ್ಕೆ ಧಾರಾಳವಾಗಿ ನೀರನ್ನೂ ಹುಯ್ಯಿಸಿದರು. ಆಮೇಲೆ ಬಿಸಿಲು ಬಿತ್ತು. ಬೆಂದ ಸೊಪ್ಪಿನಂತೆ ಸಸಿಗಳು ನೆಲಕ್ಕೆ ಅಂಟಿಕೊಂಡವು. ಒಟ್ಲಿನ ಮೂಲೆಯಲ್ಲಿ ನನ್ನ ಡಬ್ಬ ತಲುಪದೆ ಸೊರಗಿ, ಕಡ್ಡಿಯಂತಿದ್ದ ಕೆಲವು ಮಾತ್ರ ತಲೆಯೆತ್ತಿ ನಿಂತವು. ರಸ್ತೆಯಲ್ಲಿ ಹೋಗುವ ಬರುವವರೆಲ್ಲ ನಿಂತು ನೋಡಿದರು. ಕೇಳಿದವರಿಗೆಲ್ಲ ಮಾವ, "ಏನ್ಮಾಡಾದು, ಈ ಕಿತ ಬಿಸ್ಲು ಜಾಸ್ತಿ" ಎಂದರು. ಪುಟ್ಟಿ ಹಿಡಿದುಕೊಂಡು ಮನೆಮನೆಗೂ ಹೋಗಿ ಉಳಿದ ಸಸಿ ಕೇಳಿ ತಂದು ಸತ್ತ ಗುಣಿಗಳನ್ನು ತುಂಬಿಸಿದರು.

ನನಗೋ, ಯಾರಾದರೂ ಒಂದು ಮಾತು ಬೈದರೆ ಸಾಕಪ್ಪ ಅನ್ನಿಸಿತ್ತು. ಅವತ್ತು ರಾತ್ರಿಯೂ ಮುದ್ದೆಯ ನಡುವೆ ತುಪ್ಪ ಬಂತು. ಎಂದಿಗಿಂತ ಹೆಚ್ಚಾಗಿಯೇ ಬಂತು. ನಮ್ಮಪ್ಪನ ಮನೆಯಲ್ಲಾಗಿದ್ದರೆ ಅಣ್ಣ ನನ್ನನ್ನು ಗದ್ದೆಯ ತುಂಬ ಅಟ್ಟಾಡಿಸಿರುತ್ತಿದ್ದ. ಬೈಯದೆ ಬಿಟ್ಟರೆ ಅದು ಪ್ರೀತಿಯೋ ಅಥವಾ ಇವನು ಹೇಗೂ ಹೊರಗಿನವನು ಎಂಬ ಭಾವನೆಯೋ? ರತ್ನಳನ್ನು ಕೇಳಿದರೆ, "ನಂಗೆಂಗ್ ಗೊತ್ತು? ನಂಗೆ ಮಾತ್ರ ದಿನಾ ಬಯ್ತಾರೆ" ಎಂದಳು. ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಅದೇ ಮಳೆಗಾಲದಲ್ಲಿ ಕೃಷಿ ಇಲಾಖೆಯವರೊಬ್ಬರು ಬಂದು ಶಾಲೆಯ ಜಗುಲಿಯ ಮೇಲೆ ರೈತರಿಗೆ ತಿಳಿವಳಿಕೆ ಕೊಟ್ಟರು. ನಾನು ಮುಂದಿನ ಸಾಲಿನಲ್ಲೇ ಕೂತೆ. ರಾಗಿ ಬೀಜವನ್ನು ನೀರಲ್ಲಿ ನೆನೆಸಿ, ನೆರಳಲ್ಲಿ ಮತ್ತೆ ಒಣಗಿಸಿ ಬಿತ್ತಿದರೆ ಆ ಗಿಡ ಬರವನ್ನು ತಾಳಿಕೊಳ್ಳುತ್ತದೆ ಎಂದರು. ಕೊಟ್ಟಿಗೆ ಗೊಬ್ಬರ ಹೆಚ್ಚು ಹಾಕಿದರೆ ಮಣ್ಣು ಪಸೆ ಹಿಡಿಯುತ್ತದೆ, ಬುಡಕ್ಕೆ ತರಗು ಮುಚ್ಚಬೇಕು, ಬದುವಿನಲ್ಲಿ ಮರ ಇದ್ದರೆ ಬಿಸಿಗಾಳಿ ತಡೆಯುತ್ತದೆ ಎಂದರು. ಸ್ವಲ್ಪ ಬಾಯಾರಿದ ಗಿಡ ಬೇರನ್ನು ಆಳಕ್ಕೆ ಇಳಿಸುತ್ತದೆ, ಸದಾ ನೀರು ಕುಡಿದದ್ದು ಮೇಲ್ಮೇಲೇ ಬೇರು ಬಿಡುತ್ತದೆ ಎಂದಾಗ ನನಗೆ ರೋಮಾಂಚನವಾಯಿತು. ನೀರು ಹೆಚ್ಚಾಗಿ ಬೇರು ಕೊಳೆತರೂ ಗಿಡ ಹಾಗೆಯೇ ಬಾಡುತ್ತದೆ ಎಂದಾಗ ಇದ್ದ ಬುದ್ಧಿಯೂ ಹೋಯಿತು. ಎದ್ದು ನಿಂತು ಕೇಳಿದೆ: "ಸಾರ್, ಆಗಾದ್ರೆ ಬಾಡಿದ ಗಿಡ ನೋಡಿದ್ರೆ ನೀರು ಹಾಕ್ಬೇಕೋ, ಬ್ಯಾಡ್ವೋ?"

"ಅದು ಸಂದರ್ಭದ ಮೇಲೆ ಹೋಗುತ್ತೆ" ಎಂದರು ಅವರು. ಸಂದರ್ಭ ಎಂದರೆ ಏನೆಂದು ಕೇಳುವಷ್ಟರಲ್ಲಿ ಕಾಫಿ ಬಂತು.

ನಾನು ನನಗೆ ಬೇಕಾದಷ್ಟನ್ನು ಹಿಡಿದುಕೊಂಡು ಮನೆಗೆ ಬಂದೆ. ನೋಯಿಸಬೇಕು, ಒಣಗಿಸಬೇಕು. ಅಲ್ಲಿಗೆ ಗೊಂದಲ ಮುಗಿಯಿತು. ಹಿತ್ತಿಲಿನ ಮೆಣಸಿನ ಗಿಡಕ್ಕೆ ನೀರು ನಿಲ್ಲಿಸಿದೆ. ಅತ್ತೆ ನಾನಿಲ್ಲದಾಗ ಅದಕ್ಕೆ ಅಕ್ಕಿ ತೊಳೆದ ನೀರು ಹುಯ್ಯುತ್ತಿದ್ದರಂತೆ. ಗಿಡ ಚೆನ್ನಾಗಿ ಕಾಯಿಬಿಟ್ಟಿತು, ನಾನು ಅದನ್ನು ನನ್ನ ಶಿಸ್ತಿನ ಫಲವೆಂದು ಊರಿಗೆಲ್ಲ ಹೇಳಿದೆ. ಕೊನೆಗೆ ನನ್ನನ್ನೇ ಗಟ್ಟಿ ಮಾಡಿಕೊಳ್ಳೋಣವೆಂದು ತುಪ್ಪ ಬೇಡವೆಂದೆ, ತಣ್ಣೀರು ಸ್ನಾನ ಶುರುಮಾಡಿದೆ. ಚಳಿಜ್ವರ ಬಂತು. ಅತ್ತೆಯ ಮೆಣಸಿನ ಸಾರು, ಮಾವ ತಂದ ಬ್ರೆಡ್ಡು, ಎರಡು ಕಂಬಳಿ, ಹೀಗೆ ಮೊದಲಿಗಿಂತ ಹೆಚ್ಚು ಉಪಚಾರದಲ್ಲಿ ಮಲಗಿದೆ. ನೆಂಟತನ ಮತ್ತಷ್ಟು ಬಲವಾಯಿತು. ಮುಂದಿನ ವರ್ಷದ ನಾಟಿ ಮುಗಿಸಿಕೊಟ್ಟು ಊರಿಗೆ ಹೋಗಿಬಿಡೋಣ, ರತ್ನ ಬಂದರೆ ಬರಲಿ ಎಂದು ಜ್ವರದಲ್ಲೇ ನಿರ್ಧರಿಸಿದೆ. ಬಾಯಿಬಿಟ್ಟೂ ಹೇಳಿದ್ದೆನಂತೆ. ಆಮೇಲಿನಿಂದ ರತ್ನ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಮರುವರ್ಷದ ಹೊಗೆಸೊಪ್ಪಿನ ನಾಟಿ ಬಂತು. ಒಟ್ಲನ್ನು ಸರಿಯಾಗಿಯೇ ಒಣಗಿಸಿದ್ದೆವು, ಸಸಿಗಳು ಗಿಡ್ಡಗೆ, ಗಟ್ಟಿಯಾಗಿ ಇದ್ದವು. ಮಾವ ಗಾಡಿಯಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂತಿದ್ದರು. ನಾಟಿಯ ಉಸ್ತುವಾರಿ ನನ್ನದಾಯಿತು. ಮುಯ್ಯಾಳುಗಳು ಬಂದಿದ್ದರು, ಅಂದರೆ ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಗುಣಿಗಳಲ್ಲಿ ಸಸಿ ಕೂರಿಸಿಯಾಯಿತು. ಹೆಂಗಸರಲ್ಲಿ ಹಿರಿಯಳಾದ ಕೆಂಪಮ್ಮ ಬಿಂದಿಗೆ ಎತ್ತಿಕೊಂಡು ನೀರಿನ ಕಟ್ಟೆಯ ಕಡೆ ಹೊರಟಳು.

"ನೀರು ಬೇಡ ಕೆಂಪಮ್ಮ" ಎಂದೆ.

"ಬುಡುಕ್ಕೊಂದೊಂದ್ ಚೊಂಬು ಉಯ್ಯಾದಲ್ವಾ ಅಳಿಯಂದ್ರೇ?"

"ಬೇಡ. ನೋಯ್ಲಿ. ನೊಂದ್ರೇ ಬೇರು ಆಳುಕ್ಕೆ ಇಳಿಯೋದು" ಎಂದು ಶಾಲೆಯ ಜಗುಲಿಯ ಮೇಲೆ ಕಲಿತದ್ದನ್ನೆಲ್ಲ ಬದುವಿನ ಮೇಲೆ ನಿಂತು ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳಿಯನ ಮಾತು, ಎದುರು ಹೇಳುವಂತಿಲ್ಲ. ಬಿಂದಿಗೆ ಕೆಳಗಿಟ್ಟು ಎಲೆಅಡಿಕೆ ಹಾಕಿಕೊಂಡು ಕೂತರು. ಯಾರೋ ಮೆಲ್ಲಗೆ ಊರ ಕಡೆ ಹೋದದ್ದು ಮಾತ್ರ ಕಂಡಿತು. ಬಿಸಿಲು ಏರುತ್ತಿತ್ತು. ಸಸಿಗಳು ಒಂದೊಂದಾಗಿ ತಲೆ ಬಾಗಿಸತೊಡಗಿದವು. ಮಧ್ಯಾಹ್ನ ಎಲ್ಲರೂ ಸತ್ತಂತೆಯೇ ಕಾಣುತ್ತಾರೆ ಎಂಬುದು ಈಗ ನೆನಪಾಗಿ ಧೈರ್ಯದಿಂದ ನಿಂತೆ.

ಅಷ್ಟರಲ್ಲಿ ದೊಣ್ಣೆ ಊರಿಕೊಂಡು, ಉಳುಕಿದ ಕಾಲನ್ನು ಎಳೆಯುತ್ತ ಮಾವ ಬಂದರು. ಪಂಚೆ ಮೇಲೆತ್ತಿ ಕಟ್ಟಿದ್ದರು, ಮುಖ ಕೆಂಪಗಾಗಿತ್ತು. ಕರಿಯ ಹತ್ತಿರದಲ್ಲೇ ಮೇಯುತ್ತಿತ್ತು. ಅದರ ಕಡೆ ಅವರು ನೋಡಲೂ ಇಲ್ಲ.

"ಯಾವನ್ಲಾ ನೀರು ಬ್ಯಾಡ ಅಂದೋನು?"

"ನಾನೇ ಮಾವ... ನೋಯ್ಲಿ ಅಂತ..."

"ನೋಯ್ಲಿ ಅಂತ! ನಿನ್ ತಲೆ! ಬೇರು ಕಿತ್ಕಂಡ್ ಬಂದೈತೆ ಕಣ್ಲಾ ಅದು. ಉಟ್ಟಿದ್ ಮಣ್ಣು ಬುಟ್ಟು ಬಂದೈತೆ. ಇವತ್ತು ನೀರು ಕೊಡ್ದೆ ಇನ್ಯಾವತ್ಲಾ ಕೊಡ್ತೀಯ? ಬೇರು ಕಚ್ಕಳಾ ಗಂಟ ಕೇಳಿದ್ದಷ್ಟೂ ಕೊಡ್ಬೇಕು. ಕಚ್ಕಂಡ್ ಮ್ಯಾಕೆ ಒಣುಗ್ಸು, ಕುಂಟೆ ಒಡಿ, ಏನಾರ ಮಾಡ್ಕೋ, ಏನೂ ಆಗಲ್ಲ ಅದ್ಕೆ. ನಿಂತ್ಕಂಡ್ ನೋಡ್ತಾನೆ! ಎತ್ಕಳ್ಲಾ ಬಿಂದ್ಗೇಯ, ಮುಂಡೇದೇ!"

ಕೆಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯಯ್ಯೋ, ಅಳಿಯಂದ್ರಿಗೆ..." ಎಂದು ಯಾರೋ ಪಿಸುಗುಟ್ಟಿದರು. ನಾನು ಬಿಂದಿಗೆ ಎತ್ತಿಕೊಂಡು ಓಡಿದೆ. ಕಟ್ಟೆಯಿಂದ ಹೊಲಕ್ಕೆ, ಹೊಲದಿಂದ ಕಟ್ಟೆಗೆ. ಮಾವ ಬದುವಿನ ಮೇಲೆ ಕೂತುಬಿಟ್ಟರು. ಬಾಯಿ ಮಾತ್ರ ನಿಲ್ಲಲಿಲ್ಲ. "ಆ ಸಾಲು ಬುಟ್ಟೆ ಕಣ್ಲಾ, ಕಣ್ಣು ಕಾಣಲ್ವಾ? ಬುಡುಕ್ಕೆ ಉಯ್ಯಿ, ಎಲೆ ಮ್ಯಾಗಲ್ಲ!" ಒಂದೊಂದು ಬೈಗುಳಕ್ಕೂ ನನಗೆ ಮೈ ಹಗುರಾಗುತ್ತಿತ್ತು. ತುಂಬ ಖುಷಿಯಾಗಿತ್ತು, ಯಾಕೆಂದು ತಿಳಿಯಲಿಲ್ಲ. ನೀರು ಹಾಕಿ ಒಟ್ಲು ಕೆಡಿಸಿದಾಗ ಸುಮ್ಮನಿದ್ದವರು, ನೀರು ಬೇಡ ಎಂದಾಗ ಬೈಯುತ್ತಿದ್ದಾರಲ್ಲ, ಇದು ಯಾವ ನ್ಯಾಯ ಎಂದೂ ತಿಳಿಯಲಿಲ್ಲ.

ಸುದ್ದಿ ಮನೆಗೆ ಮುಟ್ಟಿರಬೇಕು. ರತ್ನ ಕೈಗೆ ಹತ್ತಿದ ರಾಗಿ ಹಿಟ್ಟನ್ನೂ ತೊಳೆಯದೆ ಓಡಿಬಂದಳು. ಅವಳ ಹಿಂದೆ, ಎಂದೂ ನನ್ನೆದುರು ನಿಲ್ಲದ ಅತ್ತೆ, ಸೆರಗು ಜಾರಿದ್ದೂ ತಿಳಿಯದೆ ಬಂದು ಬದುವಿನ ಮೇಲೆ ನಿಂತರು. ಅತ್ತೆಯ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಅಳುತ್ತಿದ್ದರು. ರತ್ನ ಸಾಲುಗಳ ನಡುವೆ ನನ್ನ ಹತ್ತಿರ ಬಂದು, ಅಪ್ಪನಿಗೆ ಕೇಳದಂತೆ ಕೇಳಿದಳು.

"ಊರ್ಗೆ ಒಂಟೋಗ್ಬುಡ್ತೀರಾ?"

ನಾನು ಬಗ್ಗಿ ಒಂದು ಸಸಿಯ ಬುಡಕ್ಕೆ ನೀರು ಹುಯ್ಯುತ್ತಿದ್ದೆ. ಆ ಕಡೆಯಿಂದ ಮಾವ ಇನ್ನೊಂದು ಸಾಲು ತೋರಿಸಿ ಕೂಗುತ್ತಿದ್ದರು. ಅವಳು ಏನು ಕೇಳುತ್ತಿದ್ದಾಳೆಂದು ನಿಜವಾಗಿಯೂ ಅರ್ಥವಾಗದೆ ತಲೆಯೆತ್ತಿ ನೋಡಿದೆ.

"ಯಾವೂರ್ಗೆ?" ಎಂದೆ.